ಮುಕ್ಕಾದ ಕತ್ತರಿ

ಸಂಜೆ ನಾಲ್ಕೂವರೆಗೆ ಪೇಂಟರ್ ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗ ಟೈಲರಮ್ಮ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಯಾರದೋ ಪ್ಯಾಂಟಿನ ಕಾಲು ಮಡಿಸುತ್ತಿದ್ದಳು. ಸೂಜಿ ಬಾಯಲ್ಲಿದ್ದಷ್ಟು ಹೊತ್ತು ಅವಳು ಮಾತಾಡುತ್ತಿರಲಿಲ್ಲ. ಆ ಬಾಯಿಗೆ ದಿನಕ್ಕೆ ಸಿಗುವ ಬಿಡುವು ಅದೊಂದೇ ಎಂದು ಬೀದಿಯವರು ನಗಾಡುತ್ತಿದ್ದರು. ಅವಳು ಕಣ್ಣಲ್ಲೇ ಸ್ಟೂಲು ತೋರಿಸಿದಳು. ಪೇಂಟರ್ ಕೂರಲಿಲ್ಲ. ತನ್ನ ಪ್ಯಾಂಟಿನ ಬಣ್ಣ ಸ್ಟೂಲಿಗೆ ಹತ್ತೀತು ಎಂದು ಅವನು ಯಾವತ್ತೂ ಅಲ್ಲಿ ಕೂತವನಲ್ಲ. ಉಗುರಿನ ಸುತ್ತ ಬಿಳಿ ಬಣ್ಣ ಮೆತ್ತಿಕೊಂಡಿದ್ದ ಕೈಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ಮೇಜಿನ ತುದಿಯಲ್ಲಿಟ್ಟ.

"ಮತ್ತೆ ಹರೀತು ಅಕ್ಕ."

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಪ್ಯಾಂಟಿಗೆ ಚುಚ್ಚಿ ಚೀಲ ತೆಗೆದಳು. ಅವನ ಮಗಳ ಶಾಲೆಯ ಅದೇ ಕಡುನೀಲಿ ಸ್ಕರ್ಟು. ಎರಡು ತಿಂಗಳಲ್ಲಿ ಇದು ಮೂರನೇ ಸಲ. ಮೊದಲ ಸಲ ಅಂಚಿನ ಹೊಲಿಗೆ ಪೂರ್ತಿ ಬಿಚ್ಚಿತ್ತು. ಎರಡನೇ ಸಲ ಸೊಂಟದ ಹುಕ್ಕು ಬಟ್ಟೆಯ ಸಮೇತ ಕಿತ್ತು ಬಂದಿತ್ತು. ಈಗ ಹಿಂಭಾಗದಲ್ಲಿ ಕೆಳಗಿನ ಅಂಚಿನಿಂದ ಮೇಲಕ್ಕೆ, ಸೊಂಟದ ಪಟ್ಟಿಗೆ ಒಂದು ಗೇಣು ಇರುವವರೆಗೆ, ಸ್ಕರ್ಟು ಎರಡು ಹೋಳಾಗಿತ್ತು.

"ಬೇಲಿಗೆ ಸಿಕ್ಕಿತಂತೆ," ಅಂದ ಪೇಂಟರ್. "ಒಂದೇ ಸ್ಕರ್ಟು ಇರೋದು. ನಾಳೆ ಬೆಳಿಗ್ಗೆಗೆ ಬೇಕಾಗಿತ್ತು. ಹಂಗೇ ಏನಾದ್ರೂ ಸೇರಿಸಿ ಕೊಡಿ."

"ಯಾವ ಬೇಲಿ?"

"ಗೊತ್ತಿಲ್ಲ. ಕೇಳಿದ್ರೆ ಹೇಳಲ್ಲ."

ಟೈಲರಮ್ಮ ಸ್ಕರ್ಟನ್ನು ಮೇಜಿನ ಮೇಲೆ ಹರಡಿ ದೀಪದ ಕತ್ತು ಬಗ್ಗಿಸಿದಳು. ಇಪ್ಪತ್ತೆರಡು ವರ್ಷ ಬಟ್ಟೆಯ ಜೊತೆ ಬದುಕಿದವಳು. ಬಟ್ಟೆ ಸುಳ್ಳು ಹೇಳಿದರೂ ಅವಳಿಗೆ ತಿಳಿಯುತ್ತದೆ, ಬಟ್ಟೆಯ ಹೆಸರಲ್ಲಿ ಬೇರೆಯವರು ಸುಳ್ಳು ಹೇಳಿದರಂತೂ ಇನ್ನೂ ಬೇಗ ತಿಳಿಯುತ್ತದೆ.

"ಇಲ್ಲಿ ಬನ್ನಿ ಅಣ್ಣ. ನೋಡಿ. ಬೇಲಿಗೆ ಸಿಕ್ಕಿದ ಬಟ್ಟೆ ನೂಲಿನ ದಾರಿ ಹಿಡಿದು ಮೂಲೆ ಮೂಲೆಯಾಗಿ ಹರಿಯುತ್ತೆ. ಇದು ಓರೆಯಾಗಿ ಹೋಗಿದೆ. ಬಟ್ಟೆ ತಾನಾಗಿ ಓರೆಗೆ ಹರಿಯಲ್ಲ. ಇದು ಹರಿದದ್ದಲ್ಲ, ಕತ್ತರಿಸಿದ್ದು."

ಪೇಂಟರ್ ಬಗ್ಗಿ ನೋಡಿದ. ಆಮೇಲೆ ತುಂಬ ಮೆಲ್ಲಗೆ, "ಯಾರು ಕತ್ತರಿಸ್ತಾರೆ ಅಕ್ಕ," ಅಂದ. ಅದು ಪ್ರಶ್ನೆಯಂತೆ ಕೇಳಲಿಲ್ಲ.

"ಯಾರು ಅಂದ್ರೆ? ಜೊತೆಯ ಹುಡುಗೀರು. ಮೈ ಮೇಲೆ ಇದ್ದಾಗಲೇ ಕತ್ತರಿ ಹಾಕಿದಾರೆ. ನೋಡಿ, ಮೇಲೆ ಹೋಗ್ತಾ ಅಲುಗಾಡಿದೆ. ಹುಡುಗಿ ತಿರುಗಿರಬೇಕು." ಅವಳ ಕಿವಿ ಬಿಸಿಯಾಗತೊಡಗಿತ್ತು. "ಮೂರು ಸಲ ಬಂತಲ್ಲ, ನಾನಾದ್ರೂ ಕೇಳಬಾರದಿತ್ತಾ? ನನ್ನ ಬುದ್ಧಿಗಿಷ್ಟು. ನೀವು ಸ್ಕೂಲಿಗೆ ಹೋದ್ರಾ?"

"ನಾನು ಹೋಗಿ ಏನಂತ ಹೇಳ್ಲಿ. ಅವಳು ಡಬ್ಬಿ ಊಟ ಹಂಗೇ ವಾಪಸ್ ತರ್ತಾಳೆ. ನನ್ನ ಕೆಲಸದ ಬಟ್ಟೆ ಜೊತೆ ಅವಳ ಬಟ್ಟೆ ಒಗೀಬೇಡ ಅಂತಾಳೆ. ವಯಸ್ಸು ಹಂಗೆ ಅಂದ್ಕೊಂಡೆ." ಪೇಂಟರ್ ಉಗುರಿನ ಬಣ್ಣ ಕೆರೆದ. "ಇವತ್ತು ನೋಡಿ, ಆ ಅಂಗಡಿಗೆ ಹೋಗಬೇಡ, ಬೇರೆ ಟೈಲರ್ ಹತ್ರ ಹೋಗು ಅಂತ ಒಂದೇ ಹಟ. ನಾನೇ ಬೈದೆ. ಅವರಿಗಿಂತ ಚೆನ್ನಾಗಿ ಯಾರು ಹೊಲೀತಾರೆ ಅಂತ."

ಟೈಲರಮ್ಮನಿಗೆ ಆ ಮಾತು ಹಿತವಾಯಿತು. ಆಮೇಲೆ ನೆನೆದಾಗಲೆಲ್ಲ ಅವಳಿಗೆ ಬೆಂಕಿ ತಾಗಿದಂತಾಗುತ್ತಿದ್ದುದು ಇದೇ. ಆ ಗಳಿಗೆಯಲ್ಲಿ ತನಗೆ ಹಿತವಾಗಿತ್ತಲ್ಲ ಎನ್ನುವುದು.

"ನಾಳೆ ಸ್ಕೂಲಿಗೆ ಹೋಗಿ," ಅಂದಳು. "ನೇರ ಹೆಡ್‌ಮಿಸ್ ರೂಮಿಗೆ ಹೋಗಿ ಕೂತ್ಕೊಳ್ಳಿ. ಹೊರಗೆ ನಿಂತ್ಕೋಬೇಡಿ. ಇಂಥ ಮಕ್ಕಳನ್ನ ಹೆತ್ತವರ ಮುಖ ಒಂದ್ಸಲ ನೋಡಬೇಕು ನಾನು. ಮಕ್ಕಳು ಹೊರಗೆ ಏನು ಮಾಡ್ತಾರೆ ಅಂತ ನೋಡೋ ಪುರುಸೊತ್ತಿಲ್ಲ, ಕಾಲು ಚಾಚ್ಕೊಂಡು ಕೂತಿರ್ತಾರೆ. ಕರೆಸಿ ನಾಲ್ಕು ಜನರ ಮುಂದೆ ನಿಲ್ಲಿಸಬೇಕು."

"ಹೊಲಿದ ಮೇಲೆ ತೋರ್ಸೋಕೆ ಏನಿರುತ್ತೆ? ಹರಿದಿತ್ತು ಅಂತಾರೆ, ಕಳಿಸ್ತಾರೆ."

ಅದು ನಿಜವಾಗಿತ್ತು. ಟೈಲರಮ್ಮ ಬಿಲ್ಲು ಪುಸ್ತಕ ಎಳೆದುಕೊಂಡಳು. "ನಾನು ಬರೆದು ಕೊಡ್ತೀನಿ. ಸಹಿ ಹಾಕಿ ಕೊಡ್ತೀನಿ. ಆ ಸ್ಕೂಲಿನ ಅರ್ಧ ಯೂನಿಫಾರಂ ಹೊಲಿಯೋಳು ನಾನು. ನನ್ನ ಮಾತು ಇಲ್ಲ ಅನ್ನಲಿ ನೋಡೋಣ."

ಅವಳು ಒತ್ತಿ ಒತ್ತಿ ಬರೆದಳು. ಈ ಸ್ಕರ್ಟು ತಾನಾಗಿ ಹರಿದಿಲ್ಲ, ಕತ್ತರಿಯಿಂದ ಕತ್ತರಿಸಲಾಗಿದೆ. ಮಕ್ಕಳ ಚಿಕ್ಕ ಕತ್ತರಿ ಅಲ್ಲ, ದೊಡ್ಡದು. ಅಷ್ಟು ಸಾಲದೆನಿಸಿ, ಬಟ್ಟೆಯನ್ನು ಇನ್ನೊಮ್ಮೆ ದೀಪಕ್ಕೆ ಹಿಡಿದಳು. ಕತ್ತರಿಸಿದ ಅಂಚಿನುದ್ದಕ್ಕೂ ನಾಲ್ಕು ಬೆರಳಿಗೊಂದು ಕಡೆ ಎರಡು ಮೂರು ನೂಲು ಕತ್ತರಿಸಿಕೊಳ್ಳದೆ ಎಳೆದು ಬಂದಿದ್ದವು. ಕತ್ತರಿ ಪ್ರತಿ ಸಲ ಬಾಯಿ ಮುಚ್ಚುವಾಗಲೂ ಒಂದೇ ಜಾಗದಲ್ಲಿ ತಪ್ಪಿಸಿಕೊಂಡಿತ್ತು. ಕೆಲಸ ಬಲ್ಲವಳ ಹುರುಪಿನಲ್ಲಿ ಅದನ್ನೂ ಬರೆದಳು: ಕತ್ತರಿಯ ಅಲಗು ತುದಿಯ ಹತ್ತಿರ ಮುಕ್ಕಾಗಿದೆ.

ಪೆನ್ನು ನಿಂತಿತು.

"ಏನಾಯ್ತು ಅಕ್ಕ?"

"ಏನಿಲ್ಲ. ಪೆನ್ನು."

ಕೈ ತನ್ನ ಪಾಡಿಗೆ ಸಹಿ ಹಾಕಿತು. ಪೇಂಟರ್ ಚೀಟಿ ತೆಗೆದುಕೊಂಡು ಒಂದೊಂದೇ ಪದ ಬಾಯಿಬಿಟ್ಟು ಓದಿದ. ಮುಕ್ಕಾಗಿದೆ ಎನ್ನುವಲ್ಲಿ ತಲೆಯಾಡಿಸಿ, "ಇಷ್ಟೆಲ್ಲ ಗೊತ್ತಾಗುತ್ತಾ," ಅಂತ ಮೆಚ್ಚಿಕೊಂಡು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗಿಟ್ಟ. "ಏಳು ಗಂಟೆಗೆ ಬರ್ತೀನಿ. ಅವಳನ್ನೂ ಕರ್ಕೊಂಡು ಬರ್ತೀನಿ, ಅಳತೆ ನೋಡಿಬಿಡಿ."

ಅವನು ಹೋದ ಮೇಲೂ ಅಂಗಡಿಯಲ್ಲಿ ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಉಳಿದಿತ್ತು.

ಆ ಕತ್ತರಿಯನ್ನು ಮುಕ್ಕು ಮಾಡಿದ್ದು ಟೈಲರಮ್ಮನೇ. ಎರಡು ವರ್ಷದ ಹಿಂದೆ ಅವಸರದಲ್ಲಿ ಗುಂಡುಸೂಜಿ ತೆಗೆಯದೆ ಕತ್ತರಿ ಓಡಿಸಿದ್ದಳು. ಕಟ್ ಎಂದು ಸದ್ದಾಗಿತ್ತು, ಅಲಗಿನಲ್ಲಿ ಅಕ್ಕಿಕಾಳಿನಷ್ಟು ಹೋಗಿತ್ತು. ಸಾಣೆ ಹಿಡಿಸಿದರೂ ಸರಿಹೋಗಲಿಲ್ಲ. ಬಟ್ಟೆಗೆ ಕೆಲಸಕ್ಕೆ ಬಾರದ ಕತ್ತರಿ ಕಾಗದಕ್ಕೆ ಇಳಿಯುವುದು ಟೈಲರುಗಳ ಪದ್ಧತಿ. ಒಮ್ಮೆ ಕಾಗದ ಕತ್ತರಿಸಿದರೆ ಅದು ಮತ್ತೆ ಬಟ್ಟೆಯ ಹತ್ತಿರ ಸುಳಿಯಬಾರದು. ಗುರುತಿಗೆಂದು ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಡ್ರಾಯಿಂಗ್ ಕ್ಲಾಸಿನ ಚಾರ್ಟು ಕತ್ತರಿಸಲು ಅದೇ ಶಾಲೆಯಲ್ಲಿ ಓದುವ ತನ್ನ ಮಗಳಿಗೆ ಕೊಟ್ಟಿದ್ದಳು. "ಬಟ್ಟೆಗೆ ಮುಟ್ಟಿಸಿದ್ರೆ ಕೈ ಮುರೀತೀನಿ," ಎಂದೂ ಹೇಳಿದ್ದಳು.

ಬೇರೆ ಯಾರದೋ ಕತ್ತರಿ ಇರಬಹುದು. ಊರಿನಲ್ಲಿ ಮುಕ್ಕಾದ ಕತ್ತರಿ ಒಂದೇನಾ? ಹಾಗೆಂದುಕೊಳ್ಳುತ್ತಲೇ ಅವಳು ಸ್ಕರ್ಟಿನ ಹಿಂಭಾಗ ಬಿಚ್ಚತೊಡಗಿದಳು. ಕತ್ತರಿಸಿದ ತುಂಡನ್ನು ಜೋಡಿಸಿ ಹೊಲಿದರೆ ಗಾಯದ ಗೆರೆಯಂತೆ ಕಾಣುತ್ತಿತ್ತು. ಪೂರ್ತಿ ತೆಗೆದು ಹೊಸದು ಹಾಕಬೇಕು. ಅದೇ ನೀಲಿಯ ಬಟ್ಟೆ ಇದ್ದದ್ದು ಒಂದೇ ಕಡೆ. ಮುಂದಿನ ವರ್ಷಕ್ಕೆಂದು ಮಗಳಿಗೆ ತೆಗೆದಿಟ್ಟ ತುಂಡು. ಅದನ್ನೇ ಮೇಜಿಗೆ ಹಾಕಿ ಕತ್ತರಿ ಆಡಿಸಿದಳು.

ಸ್ಕರ್ಟು ಮೂಗಿನ ಹತ್ತಿರ ಬಂದಾಗ ಅದರಲ್ಲೂ ಥಿನ್ನರ್ ವಾಸನೆ. ಆಗ ಒಂದು ಮಾತು ನೆನಪಾಗಿ ಮೆಷಿನ್ನಿನ ಪೆಡಲಿನ ಮೇಲೆ ಕಾಲು ಹಾಗೇ ನಿಂತಿತು. ಹದಿನೈದು ದಿನದ ಹಿಂದೆ ಮಗಳು ಇದೇ ಅಂಗಡಿಯಲ್ಲಿ ಟೀ ಕುಡಿಯುತ್ತ ಯಾರನ್ನೋ ಅಣಕಿಸಿ ತೋರಿಸಿದ್ದಳು. "ಥಿನ್ನರ್ ಕ್ಲಾಸಿಗೆ ಬಂದ್ಲು ಅಂದ್ರೆ ನಾವೆಲ್ಲ ಎದ್ದು ಕಿಟಕಿ ತೆಗೀತೀವಮ್ಮ, ಒಬ್ಬೊಬ್ಬರು ಒಂದೊಂದು ಕಿಟಕಿ." ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯುವುದನ್ನು ಎಷ್ಟು ಚೆನ್ನಾಗಿ ಮಾಡಿ ತೋರಿಸಿದ್ದಳೆಂದರೆ, ಟೈಲರಮ್ಮ ಟೀ ನೆತ್ತಿಗೇರುವಷ್ಟು ನಕ್ಕಿದ್ದಳು. ಯಾರು ಈ ಥಿನ್ನರ್ ಎಂದು ಕೇಳಿರಲಿಲ್ಲ. ನಕ್ಕು, ಕಣ್ಣೊರೆಸಿಕೊಂಡು, "ನಿನ್ನದೊಂದು," ಎಂದಿದ್ದಳು.

ಐದೂಮುಕ್ಕಾಲಿಗೆ ಟ್ಯೂಷನ್ ಮುಗಿಸಿ ಮಗಳು ಬಂದಳು. ಹದಿನಾಲ್ಕು ವರ್ಷ, ಮನೆಯಲ್ಲಿ ಗಿಣಿ ಎಂದು ಕರೆಯುವುದು, ಬಾಯಿ ಹಾಗಿತ್ತು. "ಅಮ್ಮ ಹಸಿವು," ಎನ್ನುತ್ತ ಬ್ಯಾಗು ಇಳಿಸಿದವಳ ಕಣ್ಣು ಮೇಜಿನ ಮೇಲಿನ ಸ್ಕರ್ಟಿಗೆ ಬಿತ್ತು. ಬಿದ್ದ ಕಣ್ಣು ತಕ್ಷಣ ಬೇರೆ ಕಡೆ ಹೋಯಿತು. ಟೈಲರಮ್ಮನಿಗೆ ಅಷ್ಟೇ ಸಾಕಾಗಿತ್ತು.

"ಕತ್ತರಿ ಎಲ್ಲಿ?"

"ಯಾವ ಕತ್ತರಿ?"

"ಕೆಂಪು ಹಿಡೀದು. ತೆಗಿ."

"ಸ್ಕೂಲಲ್ಲೇ ಬಿಟ್ಟು..."

"ಗಿಣಿ, ನಾನು ಎದ್ದು ಬಂದು ತೆಗೆದ್ರೆ ಬೇರೆ ಥರ ಇರುತ್ತೆ."

ಕತ್ತರಿ ಬ್ಯಾಗಿನ ತಳದಿಂದ ಬಂತು. ಟೈಲರಮ್ಮ ಅದನ್ನು ಬಿಡಿಸಿ ನೋಡಿದಳು. ಮುಕ್ಕಿನ ಸಂದಿಯಲ್ಲಿ ನೀಲಿ ನೂಲಿನ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು.

"ತಮಾಷೆಗಮ್ಮ. ನಾನೊಬ್ಬಳೇ ಅಲ್ಲ. ಎಲ್ಲರೂ ಸೇರಿ..."

"ಕತ್ತರಿ ಹಿಡಿದಿದ್ದು ಎಲ್ಲರೂನಾ?"

ಮಗಳು ಕಾಲಿನಿಂದ ನೆಲ ಉಜ್ಜಿದಳು.

"ಅವಳು ನಕ್ಕಳಾ?"

"ಅವಳು ಯಾವತ್ತೂ ನಗಲ್ಲ."

"ಮನೆಗೆ ಹೆಂಗೆ ಹೋದಳು? ಹಿಂದೆ ಹಂಗೆ ಬಾಯಿ ಬಿಟ್ಕೊಂಡಿರೋ ಸ್ಕರ್ಟಲ್ಲಿ?"

"ಬ್ಯಾಗನ್ನ ಹಿಂದೆ ಕೆಳಗೆ ಹಿಡ್ಕೊಂಡು..." ಗಿಣಿ ಕೈ ಹಿಂದೆ ಮಾಡಿ ತೋರಿಸಹೋದಳು. ಅಭ್ಯಾಸ. ಅಣಕಿಸುವ ಕೈ ಅರ್ಧಕ್ಕೇ ಇಳಿಯಿತು.

ಟೈಲರಮ್ಮನ ಕೈ ಎದ್ದಿತ್ತು. ಆ ಕೈಯಲ್ಲೇ ಕತ್ತರಿ ಇದೆ ಎಂದು ಕಂಡಿದ್ದು ಆಮೇಲೆ. ಅದನ್ನು ಮೇಜಿಗೆ ಕುಕ್ಕಿದಳು. ನೂಲು ಸುತ್ತಿದ ಬಾಬಿನ್ನುಗಳು ಹಾರಿ ನೆಲಕ್ಕುರುಳಿದವು.

"ನೀನೇ ಅಲ್ವಾ ಹೇಳಿದ್ದು," ಎಂದಳು ಮಗಳು. "ಆರನೇ ಕ್ಲಾಸಲ್ಲಿ ನನ್ನ ಜಡೆಗೆ ಗೋಂದು ಹಾಕಿದ್ರಲ್ಲ, ಆಗ ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ. ಇನ್ನೊಂದ್ಸಲ ಅತ್ಕೊಂಡು ಮನೆಗೆ ಬರಬೇಡ, ಅಳಿಸಿ ಬಾ ಅಂತ."

"ಗೋಂದು ಹಾಕಿದವಳನ್ನ ಅಳಿಸು ಅಂದೆ. ಈ ಮಗು ನಿನಗೇನು ಮಾಡಿತ್ತು?"

"ಗೋಂದು ಹಾಕಿದವಳು ಈಗ ನನ್ನ ಪಕ್ಕಾನೇ ಕೂರೋದು." ಮೂಗೆಳೆದುಕೊಂಡು ಹೇಳಿದಳು. "ಎಲ್ಲರ ಕಣ್ಣು ಅವಳ ಮೇಲೆ ಇದ್ರೆ ನನ್ನ ಮೇಲೆ ಬರಲ್ಲ."

ಟೈಲರಮ್ಮನಿಗೆ ಏನನ್ನಾದರೂ ಹರಿದುಹಾಕಬೇಕೆನಿಸಿತು. ಮಗಳನ್ನು, ಆ ಗೋಂದಿನವಳನ್ನು, ಎರಡು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ದೊಡ್ಡ ಮಾತಾಡಿದ್ದ ತನ್ನನ್ನು. ಆಗ ಬಾಗಿಲಲ್ಲಿ ಮಾತಾಡಿದ್ದು ಬಿಟ್ಟರೆ ಶಾಲೆಗೆ ತಾನು ಕಾಲಿಟ್ಟಿರಲಿಲ್ಲ. ಸೀಸನ್ನು, ಎಂಬತ್ತು ಯೂನಿಫಾರಂ ಬಾಕಿ. ಸೀಮೆಎಣ್ಣೆಯಲ್ಲಿ ಜಡೆ ತೊಳೆದು, ಗೋಂದು ಹಿಡಿದ ತುದಿ ಕತ್ತರಿಸಿ, ಬುದ್ಧಿ ಹೇಳಿ ಕಳಿಸಿದ್ದಳು. ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದಳು.

ಒಂದು ಗಳಿಗೆ ಮನಸ್ಸು ಬೇರೆ ಲೆಕ್ಕ ಹಾಕಿತು. ಹಳೆಯ ತುಂಡು ಚಿಂದಿ ಮೂಟೆಗೆ ಹೋಗುತ್ತದೆ. ಕತ್ತರಿ ಹಿಂದಿನ ಚರಂಡಿಗೆ. ಚೀಟಿಯಲ್ಲಿ ಒಂದು ಪದ ತಪ್ಪಾಗಿದೆ ಕೊಡಿ ಅಣ್ಣ ಎಂದರೆ ಆ ಮನುಷ್ಯ ತಕರಾರಿಲ್ಲದೆ ಕೊಡುತ್ತಾನೆ.

"ಎಸೆದುಬಿಡಮ್ಮ," ಅಂದಳು ಗಿಣಿ, ತಾಯಿಯ ಕಣ್ಣು ಕತ್ತರಿಯ ಮೇಲಿದ್ದದ್ದನ್ನು ನೋಡಿ. "ಯಾರಿಗ್ ಗೊತ್ತಾಗುತ್ತೆ?"

ಅಷ್ಟು ಹೊತ್ತು ಕುದಿಯುತ್ತಿದ್ದದ್ದು ಆಗ ಉಕ್ಕಿತು. ಮಗಳ ಬಾಯಲ್ಲಿ ಬಂದದ್ದು ತನ್ನದೇ ಮಾತು, ತನಗಿಂತ ಒಂದು ಉಸಿರು ತಡವಾಗಿ, ಅಷ್ಟೇ.

"ಬಾಯ್ಮುಚ್ಚು. ಅಲ್ಲಿ ನಿಂತ್ಕೋ. ಆ ಬಾಬಿನ್ ಎತ್ತಿಡು. ಏಳು ಗಂಟೆವರೆಗೂ ಅಲ್ಲಿಂದ ಅಲ್ಲಾಡಿದ್ರೆ ನೋಡು."

ಅವಳು ಹೊಲಿದಳು. ನೆರಿಗೆ ಹಿಡಿದು, ಸೊಂಟದ ಪಟ್ಟಿಗೆ ಕೂಡಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದಳು. ಮೆಷಿನ್ನು ಬೈಯುವಂತೆ ಓಡಿತು. ಇಸ್ತ್ರಿ ಪೆಟ್ಟಿಗೆಯನ್ನು ಎಷ್ಟು ಒತ್ತಿ ಎಳೆದಳೆಂದರೆ ಮೇಜು ಕಿರುಗುಟ್ಟಿತು. ಮೂಲೆಯಲ್ಲಿ ಮಗಳು ಅಳುತ್ತಿದ್ದಳು. ಟೈಲರಮ್ಮ ತಿರುಗಿ ನೋಡಲಿಲ್ಲ.

ಏಳಕ್ಕೆ ಸರಿಯಾಗಿ ಪೇಂಟರ್ ಬಂದ. ಸ್ನಾನ ಮಾಡಿ ಒಗೆದ ಅಂಗಿ ಹಾಕಿದ್ದ. ಹಿಂದೆ ಅವನ ಮಗಳು ಮೆಟ್ಟಿಲ ಕೆಳಗೇ ನಿಂತಿದ್ದಳು.

"ಬಾ ಒಳಗೆ, ಅತ್ತೆ ಏನೂ ಅನ್ನಲ್ಲ," ಎಂದು ಅವನು ಕರೆದ. ಸಣಕಲು ಹುಡುಗಿ, ಉದ್ದ ಕತ್ತು. ಮೆಟ್ಟಿಲು ಹತ್ತಿದಳು. ಮೂಲೆಯಲ್ಲಿ ಗಿಣಿಯನ್ನು ಕಂಡಳು. ಮುಖ ಏನೂ ಹೇಳಲಿಲ್ಲ. ಕೈ ಮಾತ್ರ ಸರಕ್ಕನೆ ಹಿಂದೆ ಹೋಗಿ ಹಾಕಿಕೊಂಡಿದ್ದ ಉಡುಪನ್ನು ಮುಷ್ಟಿಯಲ್ಲಿ ಹಿಡಿಯಿತು.

ಟೈಲರಮ್ಮ ಅದನ್ನು ನೋಡಿದಳು. ಕತ್ತರಿಸಿದ ಹಳೆಯ ತುಂಡನ್ನು ಮೇಜಿನ ಮೇಲೆ ಹಾಸಿ, ಪಕ್ಕದಲ್ಲಿ ಕೆಂಪು ಹಿಡಿಯ ಕತ್ತರಿ ಇಟ್ಟಳು.

"ಈ ಕತ್ತರಿ ನಂದು ಅಣ್ಣ. ಕತ್ತರಿಸಿದ್ದು ನನ್ನ ಮಗಳು."

ಪೇಂಟರ್ ಕತ್ತರಿ ನೋಡಿದ. ಗಿಣಿಯನ್ನು ನೋಡಿದ. ತನ್ನ ಮಗಳ ಕಡೆ ತಿರುಗಿದ. ಅವಳು ನೆಲ ನೋಡುತ್ತಿದ್ದಳು. ಬೇರೆ ಟೈಲರ್ ಹತ್ತಿರ ಹೋಗು ಎಂದು ಅವಳು ಹಟ ಹಿಡಿದದ್ದು ಅವನಿಗೆ ಆಗ ಅರ್ಥವಾಗಿರಬೇಕು. ಕಿವಿಯ ಹತ್ತಿರ ನರ ಎದ್ದಿತು.

"ಮೂರು ಸಲ," ಅಂದ. "ಮೂರು ಸಲ ನಿಮ್ಮ ಹತ್ರಾನೇ ತಂದೆ."

"ಹೌದು."

"ನಾನು ಇವಳಿಗೆ ಬೈದೆ."

ಟೈಲರಮ್ಮ ಸ್ಕರ್ಟನ್ನು ಕಾಗದದಲ್ಲಿ ಸುತ್ತಿ ಹುಡುಗಿಯ ಮುಂದೆ ಹಿಡಿದಳು. ಹುಡುಗಿ ಸುತ್ತು ಬಿಚ್ಚಿ, ಹೊಸ ಹೊಲಿಗೆಯ ಮೇಲೆ ಬೆರಳಾಡಿಸಿ, ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಜೋರಾಗಿ ಎಳೆದು ನೋಡಿದಳು. ಹೊಲಿಗೆ ಬಿಡಲಿಲ್ಲ. ಅಳತೆ ನೋಡಲು ಒಪ್ಪಲಿಲ್ಲ. ಮಡಚಿ ಕಂಕುಳಲ್ಲಿಟ್ಟುಕೊಂಡಳು.

ಪೇಂಟರ್ ಜೇಬಿನಿಂದ ಚೀಟಿ ತೆಗೆದ. ಮರಳಿ ಕೊಡುತ್ತಾನೆಂದು ಟೈಲರಮ್ಮನ ಎದೆಯೊಳಗೆ ಒಂದು ಕಳ್ಳ ಆಸೆ ಮೂಡಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು.

ಅವನು ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟ. "ಇದರಲ್ಲಿ ಹೆಸರಿಲ್ಲ," ಅಂದ. "ಬರೀರಿ."

"ಅಮ್ಮ," ಅಂದಳು ಗಿಣಿ.

"ನಾಳೆ ನಾನೂ ಬರ್ತೀನಿ," ಎಂದಳು ಟೈಲರಮ್ಮ, ಯಾರ ಮುಖವನ್ನೂ ನೋಡದೆ. "ಇವಳನ್ನ ಕರ್ಕೊಂಡು. ಕತ್ತರಿ, ಈ ತುಂಡು, ಎರಡೂ ತಗೊಂಡು."

"ಬನ್ನಿ. ಹೆಸರು ಬರೀರಿ."

ಅವಳು ಪೆನ್ನು ತೆಗೆದುಕೊಂಡಳು. ಹೆತ್ತಾಗ ಹನ್ನೊಂದು ದಿನ ಯೋಚಿಸಿ ಇಟ್ಟ ಹೆಸರು. ಪ್ರತಿ ವರ್ಷ ನೋಟುಪುಸ್ತಕದ ಮೇಲೆ ದುಂಡಗೆ ಬರೆದು ಕೊಡುತ್ತಿದ್ದ ಹೆಸರು. ತನ್ನ ಸಹಿಯ ಕೆಳಗೆ ಅದನ್ನು ಪೂರ್ತಿಯಾಗಿ ಬರೆದಳು, ಪಕ್ಕದಲ್ಲಿ ಕ್ಲಾಸು, ಸೆಕ್ಷನ್ನು. ಎಷ್ಟು ಒತ್ತಿ ಬರೆದಳೆಂದರೆ ಕೊನೆಯ ಅಕ್ಷರದಲ್ಲಿ ಕಾಗದ ತೂತಾಯಿತು.