ನಾಲ್ಕನೆಯ ಪಿಸ್ಟನ್ನಿನ ಬಾಣ

ಶಿವಾಜಿನಗರದ ಅಕ್ತರ್ ಭಾಯಿಯ ಗ್ಯಾರೇಜಿನಲ್ಲಿ ಸ್ಟೂಲು ಎರಡು, ಕೂರುವವನು ಒಬ್ಬ. ಬೆಂಗಳೂರಿನಲ್ಲಿದ್ದೂ ಬೈ ಟು ಚಹಾ ಹೇಳಲು ಜೊತೆಯಿಲ್ಲದ ಮನುಷ್ಯನ ಒಂಟಿತನ ಎಂಥದೆಂದು ಅವನನ್ನೇ ಕೇಳಬೇಕು. ಪೂರ್ತಿ ಗ್ಲಾಸು ತರಿಸುತ್ತಾನೆ, ಅರ್ಧ ಕುಡಿಯುತ್ತಾನೆ, ಉಳಿದದ್ದು ಬೋಲ್ಟಿನ ಡಬ್ಬಿಯ ಪಕ್ಕ ಆರಿಹೋಗುತ್ತದೆ. ಹೆಂಡತಿ ಪರ್ವೀನ್ ತೀರಿಕೊಂಡ ಮೇಲೆ ಮನೆಯಲ್ಲೂ ಅದೇ ಕಥೆ.

ಎರಡನೆಯ ಸ್ಟೂಲು ಜಗನ್‌ನದು. ಇಪ್ಪತ್ತು ವರ್ಷ ಇಬ್ಬರೂ ಕೂಡಿ ದುಡಿದವರು. ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡುವುದು ಜಗನ್ ಕೆಲಸ, ಅದಕ್ಕೆ ಹೊಂದುವ ಪಿಸ್ಟನ್ ಕೂರಿಸುವುದು ಅಕ್ತರ್ ಕೆಲಸ. ಹನ್ನೊಂದು ವರ್ಷದ ಹಿಂದೆ, ರಿಪೇರಿಯಾಗಿ ಹೋದ ಬಿಳಿ ಅಂಬಾಸಿಡರೊಂದು ಎರಡೇ ದಿನಕ್ಕೆ ಟಕ್ ಟಕ್ ಎನ್ನುತ್ತ ವಾಪಸು ಬಂತು. ಅಕ್ತರ್ ಇಂಜಿನ್ ಬಿಚ್ಚಿ ನೋಡುವ ಗೋಜಿಗೂ ಹೋಗಲಿಲ್ಲ. ಗಿರಾಕಿಗಳ ಎದುರೇ, "ನಿನ್ ಕೈ ಕೆಟ್ಟೋಗಿದೆ ಜಗನ್. ಕೊರೆಯೋಕೆ ಆಗಲ್ಲ ಅಂದ್ರೆ ಮನೇಲಿರು" ಎಂದುಬಿಟ್ಟ. ಜಗನ್ ತನ್ನ ಅಳತೆಯ ಗೇಜನ್ನು ಡಬ್ಬಿಗೆ ಹಾಕಿಕೊಂಡು ಎದ್ದು ಹೋದ. ಕಾರಿನವನೂ ಸಿಟ್ಟಿನಿಂದ ಕಾರು ತೆಗೆದುಕೊಂಡು ಹೋದ.

ಜಗನ್ ಮತ್ತು ಅವನ ಹೆಂಡತಿ ಗಂಗಾಳ ಮನೆ ಜೋಗುಪಾಳ್ಯದಲ್ಲಿ, ಆಟೋದಲ್ಲಿ ಹದಿನೈದು ನಿಮಿಷ. ಅಕ್ತರ್ ಹೋಗಲಿಲ್ಲ. ತಪ್ಪು ಮಾಡಿದವನೇ ಬರಲಿ ಎಂದು ಕೂತ. ಕೂತೇ ಇದ್ದ.

ಮೊನ್ನೆ ಸೋಮವಾರ ರಶ್ಮಿ ಎಂಬ ಹುಬ್ಬಳ್ಳಿ ಕಡೆಯ ಹುಡುಗಿ ಒಂದು ನೀಲಿ ಅಂಬಾಸಿಡರನ್ನು ಎಳೆಸಿಕೊಂಡು ಬಂದಳು. ಮಹದೇವಪುರದಲ್ಲಿ ಕೆಲಸ, ಹಳೆಯ ಕಾರಿನ ಹುಚ್ಚು.

"ಪಿಸ್ಟನ್ ತರಿಸಬೇಕ್ರೀ. ಸ್ಟ್ಯಾಂಡರ್ಡೋ ಓವರ್‌ಸೈಜೋ, ತಲಿ ಚಪ್ಪಟೆನೋ ತಗ್ಗೋ ಅಂತ ಅಂಗಡಿಯವ್ರು ಕೇಳಾಕತ್ತಾರ. ನೋಡಿದ ಕೂಡ್ಲೇ ಹೇಳ್ತೀರೇನ್ರಿ?"

"ಬಿಚ್ಚಿ ನೋಡದೆ ಯಾರೂ ಹೇಳಕ್ಕಾಗಲ್ಲ ಮೇಡಂ" ಎಂದ ಅಕ್ತರ್, ದೊಡ್ಡ ಮನುಷ್ಯನ ಹಾಗೆ. ಅವಳು ಕಾರು ಬಿಟ್ಟು ಆಫೀಸಿಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ಮುಚ್ಚಳವಾದ ಹೆಡ್ ಮೇಲೆದ್ದಿತು. ಬ್ಲಾಕಿನ ಅಂಚಿನಲ್ಲಿ ಎಷ್ಟು ಕೊರೆದಿದೆ ಎಂದು ತಿಳಿಸಲು ಪಂಚಿನಿಂದ ಹೊಡೆದ 40 ಎಂಬ ಅಂಕಿ, ಸೊನ್ನೆಯ ಕೆಳಗೊಂದು ಚುಕ್ಕಿ. ಆ ಚುಕ್ಕಿಯಿಡುವವನು ಜಗನ್ ಒಬ್ಬನೇ. ಅಕ್ತರ್ ಬಾಗಿಲ ಸಂದಿಯಲ್ಲಿ ಉಗುರಿನಿಂದ ಕೆರೆದ. ನೀಲಿಯ ಕೆಳಗೆ ಬಿಳಿ ಬಣ್ಣ ಕಂಡಿತು. ಅದೇ ಕಾರು, ಆಮೇಲೆ ಯಾರೂ ಇಂಜಿನ್ ಬಿಚ್ಚಿರಲಿಲ್ಲ.

ಸೀಮೆಎಣ್ಣೆಯ ಬಟ್ಟೆಯಿಂದ ಪಿಸ್ಟನ್ನುಗಳ ಮೇಲಿನ ಮಸಿ ಒರೆಸಿದ. ತಲೆ ಚಪ್ಪಟೆ, ಅಳತೆ 040, ಅಂದರೆ ಓವರ್‌ಸೈಜು. ರಶ್ಮಿಗೆ ಬೇಕಾದ ಉತ್ತರ ಸಿಕ್ಕಿತು. ಪ್ರತಿ ಪಿಸ್ಟನ್ನಿನ ತಲೆಯ ಮೇಲೂ ಒಂದು ಬಾಣದ ಗುರುತಿರುತ್ತದೆ, ಅದು ಮುಂದಿನ ಫ್ಯಾನಿನ ಕಡೆಗಿರಬೇಕು. ಒಂದು, ಎರಡು, ಮೂರು ಸರಿಯಾಗಿದ್ದವು. ನಾಲ್ಕನೆಯ ಬಾಣ ಹಿಂದಕ್ಕೆ ತಿರುಗಿತ್ತು. ಉಲ್ಟಾ ಕೂತ ಪಿಸ್ಟನ್ನೇ ಟಕ್ ಟಕ್ ಎನ್ನುವುದು.

ಹನ್ನೊಂದು ವರ್ಷದ ಹಿಂದೆ ಅದನ್ನು ಕೂರಿಸಿದ ದಿನ ಶುಕ್ರವಾರ. ನಮಾಜಿಗೆ ಹೊತ್ತಾಯಿತೆಂದು ಕೊನೆಯದನ್ನು ಅವಸರದಲ್ಲಿ ಕೂರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಕೊರೆದವನ ಕೈ ಕೆಟ್ಟಿರಲಿಲ್ಲ. ಅಕ್ತರ್ ಕೈ ಕೂಡ ತೊಳೆಯದೆ ಜಗನ್‌ಗೆ ಫೋನು ಮಾಡಿದ.

"ಯಾರು?"

"ಅಕ್ತರ್."

"ಹೇಳಿ ಭಾಯ್."

"ಆ ಬಿಳಿ ಅಂಬಾಸಿಡರ್ ಬಂದಿದೆ. ನಾಲ್ಕನೇ ಪಿಸ್ಟನ್ ಉಲ್ಟಾ ಇದೆ. ನಾನೇ ಹಾಕಿದ್ದು."

"ಗೊತ್ತು."

"ಗೊತ್ತಾ?"

"ಸದ್ದು ಕೇಳ್ದಾಗ್ಲೇ ಗೊತ್ತಾಯ್ತು. ಅಷ್ಟು ಜನ ಗಿರಾಕಿಗಳು ನಿಂತಿದ್ರು. ಅವ್ರ ಮುಂದೆ ನಿಮ್ ತಪ್ಪು ಹೆಂಗೆ ಹೇಳ್ಲಿ? ಸಂಜೆ ನೀವೇ ಬಿಚ್ಚಿ ನೋಡಿ ಮನೆಗೆ ಬರ್ತೀರ ಅಂದ್ಕೊಂಡೆ. ಭಾಯ್ ಬರ್ತಾರೆ, ಚಹಾಗೆ ಹಾಲು ಎತ್ತಿಡು ಅಂತ ಗಂಗಾಗೂ ಹೇಳಿದ್ದೆ."

"ಈಗ ಬರ್ಲಾ?" ಎಂದ ಅಕ್ತರ್.

"ಬನ್ನಿ. ಬಾಗಿಲಲ್ಲಿ ನಿಂತು ಏನಾದ್ರೂ ಮಾತಾಡಿ. ಶುಗರ್‌ಗೆ ಕಣ್ಣು ಹೋಗಿ ಎರಡು ವರ್ಷ ಆಯ್ತು. ದನಿ ಕೇಳಿದ್ರೆ ಗುರುತು ಹಿಡೀತೀನಿ."

ಅಕ್ತರ್ ಫೋನನ್ನು ಕಿವಿಗೆ ಹಿಡಿದುಕೊಂಡೇ ಎರಡನೆಯ ಸ್ಟೂಲಿನ ಮೇಲೆ ಕುಳಿತ.