ಇಲ್ಲ ಎನ್ನಲೊಂದು ಕುರ್ಚಿ

ಭಾರ್ಗವಿ ಓದುವುದು ಕಣ್ಣು ಮುಚ್ಚಿಕೊಂಡು. ಕಾಗದದ ಮೇಲೆ ಒಮ್ಮೆ ಕಣ್ಣಾಡಿಸಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟು ಕೂತಳೆಂದರೆ, ತುಂಗೆಯ ಮೇಲೆ ಬೆಳಗಿನ ಮಂಜು ಸಾಗುವಂತೆ ಆ ವಾಕ್ಯಗಳೆಲ್ಲ ಅವಳೊಳಗೆ ಮೆಲ್ಲಗೆ ಇನ್ನೊಮ್ಮೆ ಸಾಗುತ್ತವೆ. ಎಲ್ಲಿ ತೊಡರುತ್ತವೆಯೋ ಅಲ್ಲಿ ಅವಳ ಕಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತದೆ. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮಹಡಿಯಲ್ಲಿ ಕೂತು, ಹತ್ತಾರು ದೇಶಗಳಿಗೆ ಫೋನು ಮಾರುವ ಕಂಪನಿಯ ವಕೀಲಿಕೆ ಮಾಡುವವಳು ಅವಳು. ಕರಿಕೋಟಿಲ್ಲ, ಕೋರ್ಟಿಲ್ಲ. "ಇವರೆಂತ ಲಾಯರೋ ಮಾರಾಯ, ಹಗಲೆಲ್ಲ ನಿದ್ದೆ" ಎಂದು ಅಂಗಡಿಯವನು ಆಡಿಕೊಳ್ಳುವುದು ಅವಳಿಗೂ ಗೊತ್ತು.

ಫೋನು ನಮ್ಮ ಕಡೆಯ ಕನ್ನಡದಲ್ಲಿ ಮಾತಾಡಬೇಕೆಂದು ಆ ಕಂಪನಿಯವರು ಹೋದ ವರ್ಷ ದನಿ ಹುಡುಕಿಕೊಂಡು ಬೇಗಾರಿನ ವೆಂಕಮ್ಮನ ಮನೆಗೆ ಬಂದರು. ಎಪ್ಪತ್ತು ದಾಟಿಯೂ ಕಂಚಿನಂಥ ಕಂಠ ವೆಂಕಮ್ಮನದು. ಬಂದವರಿಗೆ ಬೆಲ್ಲ, ನೀರು ಕೊಟ್ಟಳು, ಊಟಕ್ಕೆ ಹಾಕಿದಳು, ಎರಡು ದಿನ ಅವರ ಯಂತ್ರದ ಮುಂದೆ ಮಾತಾಡಿ, ತೋರಿಸಿದಲ್ಲಿ ಸಹಿಯನ್ನೂ ಹಾಕಿದಳು. ಆ ದನಿಯೇ ಆಯ್ಕೆಯಾಯಿತು. ಫೋನಿನ ಬಿಡುಗಡೆಗೆ ಹದಿನೈದು ದಿನವಿರುವಾಗ ಆ ಒಪ್ಪಿಗೆಯ ಕಾಗದ ಭಾರ್ಗವಿಯ ಮುಂದೆ ಬಂತು. 'ಸಹಿ ಮಾಡಿದ ಸ್ಥಳ: ಸ್ವಗೃಹ.' ಅವಳ ಕಾಲಿನ ಹೆಬ್ಬೆರಳು ನೆಲ ಒತ್ತಿತು.

ಬೆಂಗಳೂರಿನಿಂದ ಆ ಕೆಲಸದ ಮೇಲ್ವಿಚಾರಕ ಈಶಾನ ಫೋನಿನಲ್ಲಿ ಕೇಳಿದ: "ಸಹಿ ಇದೆಯಲ್ಲ ಮೇಡಂ, ಕಾನೂನಿಗೆ ಅಷ್ಟು ಸಾಕಲ್ವಾ?"

"ಸಾಕು. ಆದ್ರೆ ನಮ್ಮ ಕಡೆ ಮನೆಗೆ ಬಂದು ಉಂಡವರಿಗೆ ಯಾರೂ ಇಲ್ಲ ಅನ್ನೂದಿಲ್ಲ. ಇನ್ನೊಮ್ಮೆ ಕೇಳ್ತೀನಿ."

"ಬೇಡ ಅಂದ್ರೆ ವರ್ಷದ ಕೆಲಸ ಹಳ್ಳ ಹಿಡೀತು. ಮೇಲಿನವರಿಗೆ ನಿಮ್ಮ ಹೆಸರೇ ಹೇಳ್ತೀನಿ."

"ಹೇಳಿ. ಇನಿಷಿಯಲ್ ಬಿಡಬೇಡಿ."

ವೆಂಕಮ್ಮನನ್ನು ಕೊಪ್ಪಕ್ಕೇ ಕರೆಸಿದಳು. ಜೊತೆಗೆ ಪಕ್ಕದ ಮನೆಯ ನಾನೂ ಹೋಗಿದ್ದೆ. ಭಾರ್ಗವಿ ತನ್ನ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಬೆಲ್ಲ, ನೀರು ತಂದಿಟ್ಟು, ತಾನು ಚಾಪೆಯ ಮೇಲೆ ಕೂತಳು.

"ವೆಂಕಮ್ಮತ್ತೆ, ಇವತ್ತು ನೀವು ನೆಂಟರು, ನಾನು ಮನೆಯವಳು. ನೆಂಟರು ಬೇಡ ಅಂದ್ರೆ ಮನೆಯವರು ಬೇಜಾರು ಮಾಡ್ಕೊಳೂ ಹಾಗಿಲ್ಲ."

ಆಮೇಲೆ ಮೇಜಿನ ಮೇಲಿದ್ದ ಕಂಪನಿಯ ಹೊಸ ಫೋನನ್ನು ಮುಟ್ಟಿದಳು. "ಬಾಳೆಹೊನ್ನೂರಿನ ಬಸ್ಸು ಹತ್ತು ನಿಮಿಷ ತಡ" ಎಂದಿತು ವೆಂಕಮ್ಮನ ದನಿ. ಕುರ್ಚಿಯಲ್ಲಿದ್ದ ವೆಂಕಮ್ಮನ ತುಟಿ ಮಾತ್ರ ಅಲುಗಲಿಲ್ಲ. ಕನಸಿನಲ್ಲಿ ಆಗುವಂತೆ ಒಂದು ಗಳಿಗೆ, ಬಸ್ಸಿನಲ್ಲಿ ನನ್ನ ಪಕ್ಕ ಕೂತು ಬಂದವಳು ಇಬ್ಬರಲ್ಲಿ ಯಾರೆಂದೇ ತಿಳಿಯಲಿಲ್ಲ.

"ನಾನು ಹೀಂಗೆ ಹೇಳೇ ಇಲ್ಲ."

"ಇಲ್ಲ. ಇನ್ಮೇಲೆ ನೀವು ಹೇಳದ್ದನ್ನೂ ಅದೇ ಹೇಳುತ್ತೆ. ನಿಮ್ಮ ನಂತರವೂ."

"ಸತ್ತ ಮೇಲೂ ನನ್ನ ಗಂಟಲು ಓಡಾಡ್ತಾ ಇದ್ರೆ ಸೊಸೆಗೆ ಬಿಡುವೆಲ್ಲಿ?" ಎಂದು ವೆಂಕಮ್ಮ ನಕ್ಕಳು. ನಗು ನಿಂತ ಮೇಲೆ ಲೋಟ ಕೆಳಗಿಟ್ಟು, ಅಷ್ಟು ವರ್ಷ ಯಾರ ಮುಂದೂ ಆಡದ ಮಾತನ್ನು ಮೆತ್ತಗೆ ಆಡಿದಳು: "ಬೇಡ ಮಾರಾಯ್ತಿ."

ಏಕೆಂದು ಭಾರ್ಗವಿ ಕೇಳಲಿಲ್ಲ. ದನಿಯನ್ನು ಅಳಿಸಬೇಕೆಂದು ಅಲ್ಲೇ ಬರೆದು, ಕನ್ನಡದಲ್ಲಿ ಓದಿ ಹೇಳಿ, ಕಂಪನಿಗೆ ಕಳುಹಿಸಿದಳು. ಮುಂದಿನ ತಿಂಗಳು ಅವಳನ್ನು ಆ ಕೆಲಸದಿಂದ ತೆಗೆದು ಬೇರೆ ಕಾಗದಗಳಿಗೆ ಹಾಕಿದರಂತೆ. ಅದನ್ನವಳು, ಮೋಡ ಕವಿಯಿತು ಎಂಬಷ್ಟೇ ಸಹಜವಾಗಿ ಹೇಳಿದಳು.

ದೊಡ್ಡವರ ಪರ ನಿಲ್ಲುವ ವಕೀಲರೆಂದರೆ ಗಟ್ಟಿ ಗಂಟಲಿನವರೆಂದು ತಿಳಿದಿದ್ದೆ. ಈ ಬಗೆಯವರೂ ಇರುತ್ತಾರೆ: ದೊಡ್ಡವರ ಮನೆಯೊಳಗೇ ಇದ್ದು, ಸಣ್ಣವರು ಹೊರಗೆ ಹೋಗುವಷ್ಟು ಹೊತ್ತು ಬಾಗಿಲು ತೆರೆದು ಹಿಡಿದು ನಿಲ್ಲುವವರು, ಹೋದವರು ತಿರುಗಿ ನೋಡದಿದ್ದರೂ, ಆಮೇಲೆ ಅದನ್ನು ಸದ್ದಾಗದಂತೆ ಮುಚ್ಚಿ ತಮ್ಮ ಕೆಲಸಕ್ಕೆ ಮರಳುವವರು.