ಉಗುರು ಬೆಳೆಯುತ್ತೆ ಅತ್ತೆ

ಹೆಬ್ಬೆರಳಿನ ಉಗುರು ಎಷ್ಟು ಗಟ್ಟಿ, ಬಿಸಿನೀರಲ್ಲಿ ನೆನೆಸಿದರೂ ಬಗ್ಗುವುದಿಲ್ಲ, ಅತ್ತೆಯ ಹಾಗೇ, ನೇಲ್ ಕಟರ್ ಒತ್ತಿದಳು, ಟಕ್, ಬಿಳಿ ಚೂರು ಹಾರಿ ಹಳೇ ಪೇಪರಿನ ಮೇಲೆ ಬಿತ್ತು, ಅರ್ಧಚಂದ್ರ — ಡಾಕ್ಟರೂ ಅದನ್ನೇ ಅಂದರಲ್ಲ, ಮಂಡಿಯೊಳಗೆ ಮೂಳೆಗಳ ನಡುವೆ ಅರ್ಧಚಂದ್ರದ ಹಾಗೆ ಒಂದು ಮೆತ್ತೆ ಇರುತ್ತಮ್ಮ, ನಿಮ್ಮದು ಹರಿದಿದೆ, ಸ್ಕ್ಯಾನಿನ ಕಪ್ಪಿನಲ್ಲಿ ಕೂದಲೆಳೆಯಷ್ಟು ಬಿಳಿ ಗೀಟು, ಅಷ್ಟೇನಾ, ಅಷ್ಟಕ್ಕೇ ಮೂರು ತಿಂಗಳಿಂದ ಮೆಟ್ಟಿಲಿಳಿಯುವಾಗ ತನ್ನ ಜೀವ ಬಾಯಿಗೆ ಬರುತ್ತಿದೆಯೇ. ಮೆಲ್ಲಗೇ, ಉಗುರು ಕತ್ತರಿಸ್ತಿದ್ದೀಯೋ ಕಾಲೇ ತೆಗೀತಿದ್ದೀಯೋ, ಅತ್ತೆ ಗೊಣಗಿದರು, ಅವರ ಪಾದ ಅವಳ ತೊಡೆಯ ಮೇಲೆ, ಬೆರಳು ಹತ್ತೂ ಇವೆ ಅತ್ತೆ, ಬೇಕಾದರೆ ಎಣಿಸಿಕೊಳ್ಳಿ. ಯಾವಾಗ ಹರೀತು ಎಂದು ಡಾಕ್ಟರು ಕೇಳಿದಾಗ ಗೊತ್ತಿಲ್ಲ ಅಂದಿದ್ದಳು, ಗೊತ್ತಿತ್ತು, ಬಚ್ಚಲಲ್ಲಿ ಅತ್ತೆಯನ್ನು ಸ್ಟೂಲಿನಿಂದ ಎತ್ತಿ ತಿರುಗಿದಾಗ, ಪಾದ ರಬ್ಬರ್ ಮ್ಯಾಟಿನಲ್ಲೇ ಉಳಿದು ಮಂಡಿ ಮಾತ್ರ ತಿರುಗಿ, ಒಳಗೆ ಇದೇ ಟಕ್, ತೋಳಿನಲ್ಲಿ ಅತ್ತೆ, ಬಿಡುವ ಹಾಗಿರಲಿಲ್ಲ, ಕೂಗುವ ಹಾಗೂ ಇರಲಿಲ್ಲ. ಮೆತ್ತೆಯ ಅಂಚಿನಲ್ಲಿ ಹರಿದಿದೆ, ಅಂದಿದ್ದರು ಡಾಕ್ಟರು, ಅಲ್ಲಿ ರಕ್ತ ಓಡಾಡುತ್ತೆ, ಹೊಲಿದರೆ ಕೂಡಿಕೊಳ್ಳಬಹುದು, ಆದರೆ ಆರು ವಾರ ಆ ಕಾಲಿಗೆ ಭಾರ ಬಿಡೋ ಹಾಗಿಲ್ಲ, ಇಲ್ಲಾಂದ್ರೆ ಹರಿದ ಚೂರು ಕತ್ತರಿಸಿ ತೆಗೀಬಹುದು, ಮನೇಲಿ ನೋಡ್ಕೊಳ್ಳೋಕೆ ಯಾರಿದ್ದಾರೆ — ಅವಳು ಬಾಯಿ ತೆರೆಯುವ ಮೊದಲೇ ಗಂಡ, ಕತ್ತರಿಸಿದ್ರೆ ಎಷ್ಟು ದಿನ ಡಾಕ್ಟ್ರೇ, ಅವತ್ತೇ ನಡೀಬಹುದು, ಆದರೆ ಮುಂದೆ ಮಂಡಿ ಬೇಗ ಸವೆಯುತ್ತೆ, ಮುಂದಿನದು ಮುಂದೆ ನೋಡೋಣ ಬಿಡಿ, ಇವಳು ಮಲಗಿದ್ರೆ ನಮ್ಮನೆ ನಡೆಯೋದಿಲ್ಲ, ಎಂದು ನಕ್ಕ, ಹೊಗಳಿದೆ ಅಂದುಕೊಂಡ ಪಾಪ, ಡಾಕ್ಟರೂ ನಕ್ಕರು, ಅವಳೂ ನಕ್ಕಳು, ಯಾಕೆ ನಕ್ಕೆ. ಆಪರೇಷನ್ನಿನ ಒಪ್ಪಿಗೆ ಫಾರಂ ಟೀವಿಯ ಪಕ್ಕದಲ್ಲಿದೆ, ಎರಡರಲ್ಲೊಂದಕ್ಕೆ ಗುರುತು ಹಾಕಿ ಅವಳೇ ಸಹಿ ಮಾಡಬೇಕು, ನಾಳೆ ಕೊಡಬೇಕು.

ಕಿರುಬೆರಳೂ ಮುಗಿಯಿತು, ಏಳಹೋದಳು, ಮಂಡಿ ಅರ್ಧಕ್ಕೇ ಕಚ್ಚಿಕೊಂಡಿತು, ಬಾಗಿಲ ಸಂದಿಗೆ ಏನೋ ಸಿಕ್ಕಿಕೊಂಡ ಹಾಗೆ, ಒಳಗಿನಿಂದ ಗಂಡ, ಆಯ್ತೇನೇ, ಟೀ ಎಲ್ಲಿ, ಬಂದೆ ಬಂದೆ, ಬರಲಾಗದೆ ನೆಲದ ಮೇಲೇ ಕೂತಳು, ಅತ್ತೆ ತಮ್ಮ ಬೆರಳು ಆಡಿಸಿ ನೋಡಿಕೊಳ್ಳುತ್ತ, ಹದಿನೈದು ದಿನ ಅಷ್ಟೇ, ಮತ್ತೆ ಬೆಳೆದು ನಿಂತಿರ್ತವೆ ನೋಡು ಇವು. ಉಗುರು ಬೆಳೆಯುತ್ತೆ ಅತ್ತೆ, ಎಂದಳು, ಮಂಡಿಯೊಳಗಿನದು ಬೆಳೆಯೋಲ್ಲ ಅನ್ನುವುದನ್ನು ನುಂಗಿಕೊಂಡಳು. ಹೊಲಿಗೆ. ಹೊಲಿಗೆಗೇ ಗುರುತು ಹಾಕುವುದು, ಆರು ವಾರ ಯಾರು ನೀರು ಕೊಡುತ್ತಾರೋ, ಕೊಡದಿದ್ದರೆ ಒಂಟಿ ಕಾಲಲ್ಲಿ ಕುಂಟಿಕೊಂಡು ತಾನೇ ಹೋಗುವುದು. ಏನೇ ಅದು ಅಷ್ಟೊಂದು ಯೋಚನೆ, ಏನಿಲ್ಲ ಅತ್ತೆ, ಪೇಪರು ಮಡಿಸಲು ಕೈ ಚಾಚಿದಳು, ಕೈ ಅಲ್ಲೇ ನಿಂತಿತು, ಕಪ್ಪು ಅಕ್ಷರಗಳ ಮೇಲೆ ಕತ್ತರಿಸಿ ಬಿದ್ದ ಅರ್ಧಚಂದ್ರ, ತೆಳ್ಳಗೆ, ಬೆಳ್ಳಗೆ —